ಲೂಪಸ್ ರೋಗಿಯ ರಕ್ತ ವರದಿಯಲ್ಲಿ ಪರೀಕ್ಷೆಯ ವಿಧಾನವನ್ನೂ ಬರೆಯಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಭಾಗದಲ್ಲಿ, ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯ ರೋಗಿಗಳ ಕೈಸೇರುತ್ತಿರುವ ರಕ್ತ ಪರೀಕ್ಷೆಯ ವರದಿಗಳಲ್ಲಿ ಹಲವು, ಪರೀಕ್ಷೆಯನ್ನು ಯಾವ ವಿಧಾನದಿಂದ ಮಾಡಲಾಯಿತು ಎಂಬುದನ್ನೇ ತಿಳಿಸುವುದಿಲ್ಲ. ಎಎನ್‌ಎ (ಕೋಶಕೇಂದ್ರದ ವಿರುದ್ಧದ ಪ್ರತಿಕಾಯ) ಪಾಸಿಟಿವ್ ಎಂದೋ, ಡಿಎಸ್‌ಡಿಎನ್‌ಎ (ಜೋಡಿ ಎಳೆಯ ಡಿಎನ್‌ಎ) ಪ್ರತಿಕಾಯ ಇಷ್ಟು ಎಂದೋ ಒಂದು ಸಾಲು, ಅದರ ಕೆಳಗೊಂದು ಸಹಿ, ಅಷ್ಟೇ. ಹೊರನೋಟಕ್ಕೆ ಇದು ಸಣ್ಣ ಲೋಪವೆನಿಸಬಹುದು. ಆದರೆ ಈ ಕಾಯಿಲೆಯಲ್ಲಿ ಒಂದೇ ರಕ್ತವನ್ನು ಎರಡು ವಿಧಾನಗಳಿಂದ ಪರೀಕ್ಷಿಸಿದಾಗ ಎರಡು ಬೇರೆ ಉತ್ತರಗಳು ಬರುವುದುಂಟು, ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುವುದೂ ಉಂಟು. ವಿಧಾನ ಗೊತ್ತಿಲ್ಲದೆ ಅವುಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿದರೆ ಔಷಧದ ಪ್ರಮಾಣವೇ ಅಕಾರಣವಾಗಿ ಏರಬಹುದು ಅಥವಾ ಇಳಿಯಬಹುದು. ಹುಬ್ಬಳ್ಳಿಯ ಪ್ರಯೋಗಾಲಯವೊಂದರಲ್ಲಿ ಬಹುಕಾಲ ಇವೇ ಪರೀಕ್ಷೆಗಳನ್ನು ಮಾಡಿ ನಿವೃತ್ತನಾದ ನಾನು ಈ ವಿಷಯವನ್ನು ನಿಮ್ಮ ಪತ್ರಿಕೆಯ ಮೂಲಕ ವೈದ್ಯರ, ಪ್ರಯೋಗಾಲಯಗಳ ಮತ್ತು ರೋಗಿಗಳ ಮುಂದಿಡಲು ಬಯಸುತ್ತೇನೆ.

ಇತ್ತೀಚೆಗೆ ರೋಣ ತಾಲ್ಲೂಕಿನ ಒಬ್ಬ ರೈತರು ತಮ್ಮ ಮಗಳ ವರದಿಗಳನ್ನು ತೆಗೆದುಕೊಂಡು ನನ್ನಲ್ಲಿಗೆ ಬಂದಿದ್ದರು. ಮೊದಲನೆಯ ವರದಿಯಲ್ಲಿ ಎಎನ್‌ಎ 1:320, ಅಂದರೆ ರಕ್ತದ ದ್ರವವನ್ನು 320 ಪಟ್ಟು ತೆಳುಗೊಳಿಸಿದರೂ ಪಾಸಿಟಿವ್, ಹೋಮೋಜೀನಿಯಸ್ (ಸಮನಾಗಿ ಹೊಳೆಯುವ) ಮಾದರಿ ಎಂದಿತ್ತು. ಡಿಎಸ್‌ಡಿಎನ್‌ಎ ಪ್ರತಿಕಾಯ 38 ಇತ್ತು. ಕೆಲವು ತಿಂಗಳ ನಂತರ ಬೇರೊಂದು ಕೇಂದ್ರದಲ್ಲಿ ಮಾಡಿಸಿದ ವರದಿಯಲ್ಲಿ ಎಎನ್‌ಎ ನೆಗೆಟಿವ್ ಎಂದಿತ್ತು, ಡಿಎಸ್‌ಡಿಎನ್‌ಎ 62 ಆಗಿತ್ತು. ಎಎನ್‌ಎ ನೆಗೆಟಿವ್ ಬಂದದ್ದನ್ನು ಕಂಡು ಮನೆಯವರು ಕಾಯಿಲೆ ಹೋಯಿತೆಂದು ತಿಳಿದು ಗುಳಿಗೆ ನಿಲ್ಲಿಸಿದ್ದರು; 38 ಇದ್ದದ್ದು 62 ಆದದ್ದನ್ನು ಕಂಡ ಸಂಬಂಧಿಕರೊಬ್ಬರು ಕಾಯಿಲೆ ಇಮ್ಮಡಿಯಾಗುತ್ತಿದೆ ಎಂದು ಹೆದರಿಸಿದ್ದರು. ವಾಸ್ತವವಾಗಿ ಮೊದಲ ಪ್ರಯೋಗಾಲಯದ ಕಿಟ್‌ನಲ್ಲಿ 15 ದಾಟಿದರೆ ಪಾಸಿಟಿವ್, ಎರಡನೆಯದರ ಕಿಟ್‌ನಲ್ಲಿ 100ರೊಳಗೆ ಇದ್ದರೆ ನೆಗೆಟಿವ್. ಅಂದರೆ 38 ಪಾಸಿಟಿವ್ ಆಗಿತ್ತು, 62 ನೆಗೆಟಿವ್ ಆಗಿತ್ತು. ಕಾಯಿಲೆ ಹೋಗಿರಲಿಲ್ಲ, ಇಮ್ಮಡಿಯಾಗಿದೆ ಎನ್ನಲೂ ಆಧಾರವಿರಲಿಲ್ಲ. ಹೋಲಿಸಲು ಬಾರದ ಎರಡು ವರದಿಗಳು ಒಂದೇ ಕಡತದಲ್ಲಿ ಸೇರಿದ್ದವು. ಗುಳಿಗೆಯನ್ನು ಕೂಡಲೇ ಮತ್ತೆ ಆರಂಭಿಸಿ, ಮಗಳನ್ನು ಮೊದಲು ನೋಡಿದ ವೈದ್ಯರ ಬಳಿಗೇ ಕರೆದೊಯ್ಯಬೇಕೆಂದು ಹೇಳಿ ಕಳುಹಿಸಿದೆ. ಇಂತಹ ಕಡತಗಳು ಈ ಭಾಗದ ಅನೇಕ ಮನೆಗಳಲ್ಲಿವೆ.

ಲೂಪಸ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯು ತನ್ನದೇ ಜೀವಕೋಶಗಳ, ಅದರಲ್ಲೂ ಕೋಶಕೇಂದ್ರದಲ್ಲಿರುವ ಪದಾರ್ಥಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೆಣ್ಣುಮಕ್ಕಳು, ಅವರಲ್ಲಿಯೂ ಹೆಚ್ಚಿನವರು ಮಕ್ಕಳನ್ನು ಹೆರುವ ವಯಸ್ಸಿನವರು. ಕೀಲುನೋವು, ಬಿಸಿಲಿಗೆ ಕೆಂಪೇರುವ ಕೆನ್ನೆ, ಕೂದಲು ಉದುರುವಿಕೆ, ಬಿಟ್ಟು ಬಿಟ್ಟು ಬರುವ ಜ್ವರ, ಬಾಯಿಹುಣ್ಣು, ರಕ್ತಕಣಗಳ ಕೊರತೆ ಇವೆಲ್ಲ ಇದರ ಲಕ್ಷಣಗಳು. ಮೂತ್ರಪಿಂಡಕ್ಕೆ ತಗುಲಿದರೆ ಜೀವಕ್ಕೇ ಅಪಾಯ. ಒಂದೇ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಲಾಗದು. ಲಕ್ಷಣ, ದೇಹ ತಪಾಸಣೆ, ಮೂತ್ರ ಮತ್ತು ರಕ್ತದ ವರದಿಗಳನ್ನು ಕೂಡಿಸಿ ನೋಡಿಯೇ ವೈದ್ಯರು ತೀರ್ಮಾನಕ್ಕೆ ಬರಬೇಕು.

ಪ್ರಯೋಗಾಲಯದಲ್ಲಿ ಇದನ್ನು ಹುಡುಕುವ ಕೆಲಸ ಆರಂಭವಾದದ್ದು 1948ರಲ್ಲಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಹಾರ್‌ಗ್ರೇವ್ಸ್ ಮತ್ತು ಅವರ ಸಹೋದ್ಯೋಗಿಗಳು ರೋಗಿಗಳ ಅಸ್ಥಿಮಜ್ಜೆಯಲ್ಲಿ ಎಲ್‌ಇ ಕೋಶವನ್ನು, ಅಂದರೆ ಇನ್ನೊಂದು ಕೋಶದ ಕೇಂದ್ರವನ್ನು ನುಂಗಿದ ಬಿಳಿ ರಕ್ತಕಣವನ್ನು, ಗುರುತಿಸಿದರು. 1957ರ ಸುಮಾರಿಗೆ ಫ್ಲೋರೆಸೆನ್ಸ್ ವಿಧಾನ ಬಂದಿತು. ಇಂದಿಗೂ ಎಎನ್‌ಎ ಪರೀಕ್ಷೆಗೆ ಅದರ ಸುಧಾರಿತ ರೂಪವನ್ನೇ ಅತ್ಯಂತ ವಿಶ್ವಾಸಾರ್ಹವೆಂದು ಪರಿಗಣಿಸಲಾಗಿದೆ. ಎಚ್‌ಇಪಿ-2 ಎಂಬ, ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳನ್ನು ಗಾಜಿನ ಸ್ಲೈಡ್ ಮೇಲೆ ಅಂಟಿಸಿರುತ್ತಾರೆ. ಅದರ ಮೇಲೆ ರೋಗಿಯ ಸೀರಮ್ ಅನ್ನು, ಅಂದರೆ ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ದ್ರವವನ್ನು, ತೆಳುಗೊಳಿಸಿ ಹಾಕಿ, ತೊಳೆದು, ಹೊಳೆಯುವ ಬಣ್ಣ ಸೇರಿಸಿದ ಇನ್ನೊಂದು ಪ್ರತಿಕಾಯವನ್ನು ಹಾಕಿ, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕದಿಂದ ನೋಡಬೇಕು. ಕೋಶಕೇಂದ್ರ ಹಸಿರಾಗಿ ಹೊಳೆದರೆ ಪಾಸಿಟಿವ್. ಅದು ಪೂರ್ತಿ ಸಮನಾಗಿ ಹೊಳೆಯುತ್ತದೆಯೋ, ಚುಕ್ಕೆಚುಕ್ಕೆಯಾಗಿಯೋ, ಅಂಚಿನಲ್ಲಿ ಮಾತ್ರವೋ ಎಂಬುದನ್ನೂ ಬರೆಯಬೇಕು, ಏಕೆಂದರೆ ಆ ಮಾದರಿಯೇ ಮುಂದೆ ಯಾವ ಪ್ರತಿಕಾಯವನ್ನು ಹುಡುಕಬೇಕೆಂಬ ಸುಳಿವು ಕೊಡುತ್ತದೆ. ಇದು ಕಣ್ಣಿನ ಕೆಲಸ, ಅನುಭವದ ಕೆಲಸ. ದೀಪ ಮಂಕಾಗಿದ್ದರೂ ಫಲಿತಾಂಶ ಬದಲಾಗುತ್ತದೆ. ನೂರಕ್ಕೂ ಹೆಚ್ಚು ಬಗೆಯ ಪದಾರ್ಥಗಳು ಆ ಒಂದು ಕೋಶದಲ್ಲಿರುವುದರಿಂದ ಈ ವಿಧಾನದ ಬಲೆ ಬಹಳ ಅಗಲವಾದದ್ದು, ಲೂಪಸ್ ರೋಗಿಗಳಲ್ಲಿ ಶೇ 95ಕ್ಕೂ ಹೆಚ್ಚು ಮಂದಿ ಅದರಲ್ಲಿ ಸಿಕ್ಕುತ್ತಾರೆ.

ಎಲೈಸಾ ಮತ್ತು ಕೆಮಿಲ್ಯೂಮಿನಿಸೆನ್ಸ್ ವಿಧಾನಗಳು ಹಾಗಲ್ಲ. ಅಲ್ಲಿ ಆಯ್ದ ಕೆಲವು ಪದಾರ್ಥಗಳನ್ನು ಪ್ಲಾಸ್ಟಿಕ್ ಗುಳಿಗಳಿಗೋ ಕಾಂತೀಯ ಕಣಗಳಿಗೋ ಲೇಪಿಸಿ, ಯಂತ್ರವೇ ಸಂಖ್ಯೆಯನ್ನು ಕೊಡುವಂತೆ ಮಾಡಿರುತ್ತಾರೆ. ಬೇಗ ಆಗುತ್ತದೆ, ಒಮ್ಮೆಗೇ ನೂರಾರು ರಕ್ತ ಮಾದರಿಗಳನ್ನು ನೋಡಬಹುದು, ನೋಡುವವರ ಕಣ್ಣಿನ ವ್ಯತ್ಯಾಸ ಬರುವುದಿಲ್ಲ. ಈ ಅನುಕೂಲಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಲೇಪಿಸದೆ ಬಿಟ್ಟ ಪದಾರ್ಥದ ವಿರುದ್ಧದ ಪ್ರತಿಕಾಯ ರೋಗಿಯಲ್ಲಿದ್ದರೆ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ರೋಣದ ಆ ಹುಡುಗಿಯ ಎರಡನೆಯ ವರದಿಯಲ್ಲಿ ವಿಧಾನದ ಹೆಸರಿರಲಿಲ್ಲವಾದರೂ ಫಲಿತಾಂಶವನ್ನು ಟೈಟರ್‌ನಲ್ಲಿ, ಅಂದರೆ 1:320ರ ಹಾಗೆ ತೆಳುಗೊಳಿಸಿದ ಪ್ರಮಾಣದಲ್ಲಿ, ಕೊಡದೆ ಯಂತ್ರ ಲೆಕ್ಕ ಹಾಕಿದ ಅನುಪಾತದಲ್ಲಿ ಕೊಟ್ಟಿದ್ದರಿಂದ ಅದು ಯಂತ್ರದ ಪರೀಕ್ಷೆ ಎಂದು ಊಹಿಸಬಹುದಾಗಿತ್ತು. ಹೀಗೆ ಊಹಿಸುವ ಪರಿಸ್ಥಿತಿಯೇ ಬರಬಾರದು. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ ಎಂಬ, ಇಂತಹ ಕಾಯಿಲೆಗಳ ತಜ್ಞರ ಸಂಘವು ಎಚ್‌ಇಪಿ-2 ಕೋಶಗಳ ಫ್ಲೋರೆಸೆನ್ಸ್ ವಿಧಾನವನ್ನೇ ಎಎನ್‌ಎ ಪರೀಕ್ಷೆಯ ಮಾನದಂಡವೆಂದು ಹೇಳಿ, ಬೇರೆ ವಿಧಾನ ಬಳಸುವ ಪ್ರಯೋಗಾಲಯಗಳು ಅದನ್ನು ವರದಿಯಲ್ಲಿ ನಮೂದಿಸಬೇಕೆಂದು ಬಹಳ ಹಿಂದೆಯೇ ತಿಳಿಸಿದೆ. ಲೂಪಸ್ ಕುರಿತ 2019ರ ಅಂತರರಾಷ್ಟ್ರೀಯ ವರ್ಗೀಕರಣ ಮಾನದಂಡಗಳಲ್ಲಿಯೂ ಎಚ್‌ಇಪಿ-2 ಕೋಶಗಳ ಮೇಲೆ 1:80 ಅಥವಾ ಅದಕ್ಕಿಂತ ಹೆಚ್ಚಿನ ಎಎನ್‌ಎ, ಇಲ್ಲವೇ ಅದಕ್ಕೆ ಸಮಾನವಾದ ಪಾಸಿಟಿವ್ ಫಲಿತಾಂಶ, ಒಮ್ಮೆಯಾದರೂ ಇರಬೇಕೆಂಬುದೇ ಮೊದಲ ಮೆಟ್ಟಿಲು. ಒಮ್ಮೆಯಾದರೂ ಎಂಬುದನ್ನು ಗಮನಿಸಬೇಕು. ಕಾಯಿಲೆ ಖಚಿತವಾದ ಮೇಲೆ ಎಎನ್‌ಎಯನ್ನು ಪದೇ ಪದೇ ಮಾಡಿಸುವುದರಿಂದ ಏನೂ ತಿಳಿಯುವುದಿಲ್ಲ. ಅದು ಕಾಯಿಲೆಯ ಏರಿಳಿತವನ್ನು ತೋರಿಸುವ ಪರೀಕ್ಷೆಯಲ್ಲ. ಆ ರೈತರು ಎರಡನೆಯ ಸಲ ಎಎನ್‌ಎಗೆ ತೆತ್ತ ಹಣವೇ ಅನಗತ್ಯವಾಗಿತ್ತು.

ಟೈಟರ್ ವಿಷಯದಲ್ಲಿಯೂ ಹೋಲಿಕೆ ಸುಲಭವಲ್ಲ. ಕೆಲವು ಪ್ರಯೋಗಾಲಯಗಳು ಸೀರಮ್ ಅನ್ನು 1:40, 1:80, 1:160, 1:320 ಎಂದು ಪ್ರತಿ ಸಲ ಇಮ್ಮಡಿ ತೆಳುಗೊಳಿಸುತ್ತ ಹೋಗುತ್ತವೆ. ಮತ್ತೆ ಕೆಲವು 1:100, 1:320, 1:1000 ಎಂಬ ಕ್ರಮವನ್ನು ಅನುಸರಿಸುತ್ತವೆ. ಒಂದೆಡೆ 1:160 ಬಂದದ್ದು ಇನ್ನೊಂದೆಡೆ 1:100 ಬಂದರೆ ಕಾಯಿಲೆ ಇಳಿಯಿತೆಂದಲ್ಲ, ಏಕೆಂದರೆ ಅಲ್ಲಿ 1:160 ಎಂಬ ಹಂತವೇ ಇಲ್ಲ. ಒಂದೇ ಪ್ರಯೋಗಾಲಯದಲ್ಲಿ, ಒಂದೇ ಕಿಟ್‌ನಲ್ಲಿ ಮಾಡಿದಾಗಲೂ ಒಂದು ಹಂತ ಮೇಲೆ ಕೆಳಗೆ ಆಗುವುದು ಪರೀಕ್ಷೆಯ ಸ್ವಭಾವದಲ್ಲಿಯೇ ಇದೆ, ಅದನ್ನು ಬದಲಾವಣೆ ಎಂದು ನಾವು ಎಣಿಸುತ್ತಿರಲಿಲ್ಲ.

ಪಾಸಿಟಿವ್ ಎಂದಾಕ್ಷಣ ಲೂಪಸ್ ಎಂದೂ ಅಲ್ಲ. 1997ರಲ್ಲಿ ಪ್ರಕಟವಾದ, 15 ಪ್ರಯೋಗಾಲಯಗಳು ಕೂಡಿ ನಡೆಸಿದ ಅಧ್ಯಯನದಲ್ಲಿ ಆರೋಗ್ಯವಂತರಲ್ಲಿಯೇ 1:40ರಲ್ಲಿ ಶೇ 31.7, 1:80ರಲ್ಲಿ ಶೇ 13.3, 1:160ರಲ್ಲಿ ಶೇ 5 ಮತ್ತು 1:320ರಲ್ಲಿ ಶೇ 3.3 ಮಂದಿ ಎಎನ್‌ಎ ಪಾಸಿಟಿವ್ ಆಗಿದ್ದರು. ಥೈರಾಯ್ಡ್ ತೊಂದರೆ, ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಇರುವವರಲ್ಲಿಯೂ ಪಾಸಿಟಿವ್ ಬರುತ್ತದೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರಾಲಜಿನ್ ಮುಂತಾದ ಔಷಧಗಳಿಂದಲೂ ಬರಬಹುದು. ಡೆನ್ಸ್ ಫೈನ್ ಸ್ಪೆಕಲ್ಡ್ ಎಂಬ, ದಟ್ಟವಾದ ಸಣ್ಣ ಚುಕ್ಕೆಗಳ ಮಾದರಿಯಂತೂ ಆರೋಗ್ಯವಂತರಲ್ಲಿಯೇ ಹೆಚ್ಚಾಗಿ ಕಾಣುವಂಥದ್ದು. ಪಳಗದ ಕಣ್ಣು ಅದನ್ನು ಹೋಮೋಜೀನಿಯಸ್ ಎಂದು ಓದಿಬಿಡುವ ಸಂಭವ ಬಹಳ. ಚಿಕೂನ್‌ಗುನ್ಯಾ ಆದ ಮೇಲೆ ತಿಂಗಳುಗಟ್ಟಲೆ ಕೀಲುನೋವು ಉಳಿದವರಿಗೆ ‘ಆರ್ಥರೈಟಿಸ್ ಪ್ರೊಫೈಲ್’ ಎಂಬ ಕಟ್ಟಿನಲ್ಲಿ ಎಎನ್‌ಎಯನ್ನೂ ಸೇರಿಸಿ ಮಾಡಿ, 1:80 ಪಾಸಿಟಿವ್ ಎಂದು ಬರೆದು ಕಳುಹಿಸಿದರೆ, ಮದುವೆಗೆ ಬಂದ ಹುಡುಗಿಯ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಆ ಸಾಲಿನ ಕೆಳಗೆ, ಕಡಿಮೆ ಟೈಟರ್ ಆರೋಗ್ಯವಂತರಲ್ಲಿಯೂ ಕಾಣುತ್ತದೆ ಎಂದು ಒಂದು ವಾಕ್ಯ ಮುದ್ರಿಸಲು ಯಾವ ಪ್ರಯೋಗಾಲಯಕ್ಕೂ ಹೆಚ್ಚಿನ ಖರ್ಚಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಅಮೆರಿಕದ ಸೇನೆಯಲ್ಲಿ ಸಂಗ್ರಹಿಸಿಟ್ಟಿದ್ದ ಹಳೆಯ ಸೀರಮ್‌ಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಲೂಪಸ್ ಪತ್ತೆಯಾದ 130 ಮಂದಿಯ ಪೈಕಿ 115 ಮಂದಿಯಲ್ಲಿ ಕಾಯಿಲೆ ಗೊತ್ತಾಗುವ ಮೊದಲೇ, ಕೆಲವರಲ್ಲಿ ಒಂಬತ್ತು ವರ್ಷಕ್ಕೂ ಮೊದಲೇ, ಯಾವುದಾದರೊಂದು ಆಟೋಆಂಟಿಬಾಡಿ (ತನ್ನದೇ ದೇಹದ ವಿರುದ್ಧದ ಪ್ರತಿಕಾಯ) ಇತ್ತೆಂದು ಕಂಡುಬಂದಿತು. ಆದ್ದರಿಂದ ಪಾಸಿಟಿವ್ ವರದಿಯನ್ನು ಹರಿದೆಸೆಯುವುದೂ ಸರಿಯಲ್ಲ. ಲಕ್ಷಣಗಳಿಲ್ಲದಿದ್ದರೆ ಔಷಧ ಬೇಡ, ಆದರೆ ವರದಿಯನ್ನು ಜೋಪಾನವಾಗಿಟ್ಟು ಲಕ್ಷಣಗಳ ಮೇಲೆ ಕಣ್ಣಿಡಬೇಕು.

ನನ್ನ ಪತ್ರದ ಮುಖ್ಯ ಕಾಳಜಿ ಡಿಎಸ್‌ಡಿಎನ್‌ಎ ಪ್ರತಿಕಾಯದ ಬಗೆಗಿನದು, ಏಕೆಂದರೆ ವರ್ಷಾನುಗಟ್ಟಲೆ ಮತ್ತೆ ಮತ್ತೆ ಮಾಡಿಸಬೇಕಾದ, ಹೋಲಿಸಿ ನೋಡಲೇಬೇಕಾದ ಪರೀಕ್ಷೆ ಇದು. ಅನೇಕ ರೋಗಿಗಳಲ್ಲಿ ಕಾಯಿಲೆ ಕೆರಳುವ ಮುಂಚೆ ಇದರ ಮಟ್ಟ ಏರುತ್ತದೆ, ರಕ್ಷಣಾ ವ್ಯವಸ್ಥೆಗೆ ಸೇರಿದ ಸಿ3 ಮತ್ತು ಸಿ4 ಎಂಬ ಕಾಂಪ್ಲಿಮೆಂಟ್ ಪ್ರೋಟೀನುಗಳು ಇಳಿಯುತ್ತವೆ. ಮೂತ್ರಪಿಂಡಕ್ಕೆ ಅಪಾಯವಿರುವವರಲ್ಲಿ ಈ ಜೋಡಿಗೆ ವಿಶೇಷ ಬೆಲೆಯಿದೆ. ಆದರೆ ಡಿಎಸ್‌ಡಿಎನ್‌ಎಯನ್ನು ಅಳೆಯುವ ವಿಧಾನಗಳು ಒಂದಕ್ಕಿಂತ ಒಂದು ಭಿನ್ನ. ವಿಕಿರಣಶೀಲ ಡಿಎನ್‌ಎ ಬಳಸುವ ಫಾರ್ ವಿಧಾನವು ಡಿಎನ್‌ಎಗೆ ಗಟ್ಟಿಯಾಗಿ ಅಂಟುವ ಪ್ರತಿಕಾಯಗಳನ್ನು ಮಾತ್ರ ಎಣಿಸುತ್ತದೆ. ಅಂತಹ ಪ್ರತಿಕಾಯಗಳೇ ಲೂಪಸ್‌ಗೆ ಹೆಚ್ಚು ನಿರ್ದಿಷ್ಟವಾದವು. ವಿಕಿರಣದ ತೊಡಕಿನಿಂದಾಗಿ ಈಗ ಅದು ಬಹುಮಟ್ಟಿಗೆ ಮರೆಯಾಗಿದೆ. ಕ್ರಿಥಿಡಿಯಾ ವಿಧಾನದಲ್ಲಿ ನೊಣದ ಕರುಳಿನಲ್ಲಿ ಬದುಕುವ ಒಂದು ಏಕಕೋಶ ಜೀವಿಯನ್ನು ಸ್ಲೈಡ್ ಮೇಲೆ ಅಂಟಿಸಿರುತ್ತಾರೆ. ಆ ಜೀವಿಯ ಬಾಲದ ಬುಡದಲ್ಲಿ ಕೈನೆಟೋಪ್ಲಾಸ್ಟ್ ಎಂಬ ಸಣ್ಣ ಭಾಗವಿದೆ, ಅದರಲ್ಲಿ ಜೋಡಿ ಎಳೆಯ ಡಿಎನ್‌ಎ ದಟ್ಟವಾಗಿ ತುಂಬಿಕೊಂಡಿದೆ. ಅಲ್ಲಿ ಹಸಿರು ಬೆಳಕು ಕಂಡರೆ ನಂಬಿಕೆಗೆ ಅರ್ಹವಾದ ಪಾಸಿಟಿವ್; ಆದರೆ ಕಡಿಮೆ ಮಟ್ಟದ ಪ್ರತಿಕಾಯಗಳು ಅಲ್ಲಿ ಸಿಗದೆ ಹೋಗುತ್ತವೆ. ಎಲೈಸಾ ಇದಕ್ಕೆ ವಿರುದ್ಧ ಸ್ವಭಾವದ್ದು. ಗಟ್ಟಿಯಾಗಿ ಅಂಟುವವನ್ನೂ ಸಡಿಲವಾಗಿ ಅಂಟುವವನ್ನೂ ಅದು ಕೂಡಿಸಿ ಎಣಿಸುತ್ತದೆ, ಹಾಗಾಗಿ ಹೆಚ್ಚು ರೋಗಿಗಳು ಪತ್ತೆಯಾಗುತ್ತಾರೆ, ಲೂಪಸ್ ಇಲ್ಲದವರೂ ಕೆಲವರು ಪಾಸಿಟಿವ್ ಆಗುತ್ತಾರೆ. ಕೆಮಿಲ್ಯೂಮಿನಿಸೆನ್ಸ್ ಯಂತ್ರಗಳಲ್ಲಿಯೂ ಒಂದು ಕಂಪನಿಯ ಡಿಎನ್‌ಎಗೂ ಇನ್ನೊಂದರ ಡಿಎನ್‌ಎಗೂ ಮೂಲದಲ್ಲಿ, ಲೇಪಿಸುವ ರೀತಿಯಲ್ಲಿ ವ್ಯತ್ಯಾಸವಿರುತ್ತದೆ.

ಇವುಗಳಲ್ಲಿ ಬಹುಪಾಲು ಕಿಟ್‌ಗಳು ಫಲಿತಾಂಶವನ್ನು ಪ್ರತಿ ಮಿಲಿಲೀಟರ್‌ಗೆ ಇಷ್ಟು ಅಂತರರಾಷ್ಟ್ರೀಯ ಘಟಕ, ಅಂದರೆ ಐಯು, ಎಂದು ಕೊಡುತ್ತವೆ. ಓದುವವರಿಗೆ ಇದೇ ದೊಡ್ಡ ಬಲೆ. ಅಂತರರಾಷ್ಟ್ರೀಯ ಎಂಬ ಮಾತು ಇರುವುದರಿಂದ ಎಲ್ಲೆಡೆಯೂ ಒಂದೇ ಅಳತೆಯಿರಬೇಕೆಂದು ರೋಗಿಗಳು ಮಾತ್ರವಲ್ಲ, ಕೆಲವು ವೈದ್ಯರೂ ನಂಬುತ್ತಾರೆ. ಹಿಂದೆ ನಮ್ಮ ಸಂತೆಗಳಲ್ಲಿ ಒಂದೂರಿನ ಸೇರಿಗೂ ಇನ್ನೊಂದೂರಿನ ಸೇರಿಗೂ ವ್ಯತ್ಯಾಸವಿರುತ್ತಿದ್ದ ಹಾಗೆ, ಇಲ್ಲಿ ಹೆಸರು ಒಂದೇ ಆದರೂ ಅಳತೆ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ವೊ/80 ಎಂಬ ಪ್ರಮಾಣಿತ ಸೀರಮ್ ಅನ್ನು ಗೊತ್ತುಪಡಿಸಿತ್ತು, ಕಿಟ್ ತಯಾರಕರು ಅದಕ್ಕೆ ತಮ್ಮ ಅಳತೆಯನ್ನು ಹೊಂದಿಸುತ್ತಿದ್ದರು. ಆ ಸಂಗ್ರಹ ಮುಗಿದ ಮೇಲೆ ಬೇರೊಂದು ಆಕರ ಸೀರಮ್ ಅನ್ನು ಸಿದ್ಧಪಡಿಸಬೇಕಾಯಿತು. ಒಂದೇ ಆಕರಕ್ಕೆ ಹೊಂದಿಸಿದ ಮಾತ್ರಕ್ಕೆ ವಿಧಾನಗಳ ನಡುವಿನ ಅಂತರ ಹೋಗುವುದಿಲ್ಲ. ಒಬ್ಬ ರೋಗಿಯ ರಕ್ತದಲ್ಲಿರುವ ಪ್ರತಿಕಾಯಗಳು ಇನ್ನೊಬ್ಬರವುಗಳ ಹಾಗಿರುವುದಿಲ್ಲ, ಒಂದೊಂದು ಕಿಟ್ ಅವುಗಳಲ್ಲಿ ಒಂದೊಂದು ಪಾಲನ್ನು ಹಿಡಿಯುತ್ತದೆ. 2019ರ ಮಾನದಂಡಗಳಲ್ಲಿ ಡಿಎಸ್‌ಡಿಎನ್‌ಎ ಪ್ರತಿಕಾಯಕ್ಕೆ 6 ಅಂಕಗಳನ್ನು ಕೊಟ್ಟಿದ್ದರೂ, ಬಳಸಿದ ಪರೀಕ್ಷೆಗೆ ಲೂಪಸ್ ವಿಷಯದಲ್ಲಿ ಕನಿಷ್ಠ ಶೇ 90ರಷ್ಟು ನಿರ್ದಿಷ್ಟತೆ, ಅಂದರೆ ಲೂಪಸ್ ಇಲ್ಲದವರನ್ನು ನೆಗೆಟಿವ್ ಎಂದೇ ತೋರಿಸುವ ಗುಣ, ಇರಬೇಕೆಂದು ಷರತ್ತು ಹಾಕಿದ್ದು ಈ ಕಾರಣಕ್ಕೇ. ಕಿಟ್ ಯಾವುದೆಂದು ವರದಿ ಹೇಳದಿದ್ದರೆ ಆ ಷರತ್ತು ಪೂರೈಸಿದೆಯೇ ಇಲ್ಲವೇ ಎಂದು ವೈದ್ಯರು ತಿಳಿಯುವುದು ಹೇಗೆ?

ಇದರ ಪರಿಣಾಮ ಕಾಗದದ ಮೇಲೆ ಉಳಿಯುವಂಥದ್ದಲ್ಲ. ಬೇರೆ ಕಿಟ್‌ನ ದೊಡ್ಡ ಸಂಖ್ಯೆಯನ್ನು ನೋಡಿ ಸ್ಟೆರಾಯ್ಡ್ ಏರಿಸಿದರೆ ಸಕ್ಕರೆ ಕಾಯಿಲೆ, ಮೂಳೆ ಸವೆತ, ಸೋಂಕು ಇವೆಲ್ಲದಕ್ಕೆ ದಾರಿಯಾಗುತ್ತದೆ. ಪ್ರೆಡ್ನಿಸೊಲೋನ್ ಲೆಕ್ಕದಲ್ಲಿ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸ್ಟೆರಾಯ್ಡ್ ಇರಿಸಿ, ಸಾಧ್ಯವಾದಾಗ ನಿಲ್ಲಿಸಬೇಕೆಂಬುದು ಯುರೋಪಿನ ರುಮಟಾಲಜಿ ತಜ್ಞರ 2023ರ ಶಿಫಾರಸು. ಹಾಗೆಯೇ ಚಿಕ್ಕ ಸಂಖ್ಯೆಯನ್ನು ನೋಡಿ ಲೂಪಸ್‌ನ ಮುಖ್ಯ ಗುಳಿಗೆಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ. ಇವೆರಡರ ನಡುವೆ ತೂಗಿ ನೋಡುವ ವೈದ್ಯರಿಗೆ ಕನಿಷ್ಠಪಕ್ಷ ನಂಬಬಹುದಾದ ಅಳತೆಯನ್ನಾದರೂ ಕೊಡುವುದು ಪ್ರಯೋಗಾಲಯದ ಧರ್ಮ.

ಗರ್ಭಿಣಿಯರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆಂಟಿ-ರೋ ಎಂಬ ಪ್ರತಿಕಾಯವಿರುವ ತಾಯಂದಿರಲ್ಲಿ ಶೇ 1ರಿಂದ 2ರಷ್ಟು ಪ್ರಕರಣಗಳಲ್ಲಿ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಬಡಿತಕ್ಕೆ ತಡೆ ಉಂಟಾಗಬಹುದು. ಐದನೆಯ ಆರನೆಯ ತಿಂಗಳ ಆಸುಪಾಸಿನಲ್ಲಿ ಅದು ಕಾಣಿಸಿಕೊಳ್ಳುವುದು ಹೆಚ್ಚು. ಎಎನ್‌ಎ ನೆಗೆಟಿವ್ ಬಂದ ಮಾತ್ರಕ್ಕೆ ಈ ಪ್ರತಿಕಾಯ ಇಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಸ್ಲೈಡ್ ತಯಾರಿಸುವ ರೀತಿಯಿಂದಾಗಿ ರೋ ಪದಾರ್ಥವು ಕೋಶದಿಂದ ತೊಳೆದುಹೋಗಿರುವ ಸಾಧ್ಯತೆಯಿದೆ. ಲೂಪಸ್ ಇರುವ ಗರ್ಭಿಣಿಗೆ ಆಂಟಿ-ರೋ ಪರೀಕ್ಷೆಯನ್ನು ಪ್ರತ್ಯೇಕವಾಗಿಯೇ ಮಾಡಬೇಕು. ಲೈನ್ ಬ್ಲಾಟ್ ಎಂಬ ಪಟ್ಟಿಯ ಪರೀಕ್ಷೆಯಲ್ಲಿ ರೋ-60 ಮತ್ತು ರೋ-52 ಎಂದು ಎರಡು ಗೆರೆಗಳಿರುತ್ತವೆ. ಇವೆರಡೂ ಬೇರೆ ಬೇರೆ ಪ್ರೋಟೀನುಗಳು. ರೋ-52 ಒಂದೇ ಪಾಸಿಟಿವ್ ಆಗಿರುವುದು ಸ್ನಾಯು, ಶ್ವಾಸಕೋಶ, ಯಕೃತ್ತಿನ ಹಲವು ಕಾಯಿಲೆಗಳಲ್ಲಿಯೂ ಕಾಣುತ್ತದೆ. ಎರಡನ್ನೂ ಕೂಡಿಸಿ, ರೋಗೆ ಇರುವ ಇನ್ನೊಂದು ಹೆಸರಿನಿಂದ ‘ಎಸ್‌ಎಸ್‌ಎ ಪಾಸಿಟಿವ್’ ಎಂದಷ್ಟೇ ಬರೆದಾಗ ಬಹಳ ಮುಖ್ಯವಾದ ಸಂಗತಿಯೊಂದು ವರದಿಯಿಂದ ಅಳಿಸಿಹೋದಂತೆ.

ರಕ್ತ ಹೆಪ್ಪುಗಟ್ಟಿಸುವ, ಗರ್ಭಪಾತಕ್ಕೆ ಕಾರಣವಾಗುವ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಪರೀಕ್ಷೆಯಲ್ಲಿ ವಿಧಾನಕ್ಕಿಂತ ರಕ್ತದ ಮಾದರಿಯ ಸಾಗಾಟವೇ ದೊಡ್ಡ ತೊಡಕು. ಇವುಗಳಲ್ಲಿ ಒಂದಾದ ಲೂಪಸ್ ಆಂಟಿಕೋಆಗ್ಯುಲಂಟ್ ಪರೀಕ್ಷೆಗೆ ರಕ್ತವನ್ನು ಸಿಟ್ರೇಟ್ ಇರುವ ನೀಲಿ ಮುಚ್ಚಳದ ನಳಿಕೆಯಲ್ಲಿ ತೆಗೆದುಕೊಂಡು, ಕೆಲವೇ ಗಂಟೆಗಳೊಳಗೆ ಎರಡು ಬಾರಿ ಸೆಂಟ್ರಿಫ್ಯೂಜ್ ಮಾಡಿ, ಪ್ಲೇಟ್‌ಲೆಟ್ ಇಲ್ಲದ ಪ್ಲಾಸ್ಮಾವನ್ನು (ರಕ್ತದ ದ್ರವ ಭಾಗವನ್ನು) ಅತಿಶೀತದಲ್ಲಿ ಘನೀಕರಿಸಿ ಕಳುಹಿಸಬೇಕು. ಮುಂಡರಗಿಯಲ್ಲೋ ಹಾನಗಲ್ಲಿನಲ್ಲೋ ಬೆಳಿಗ್ಗೆ ತೆಗೆದ ರಕ್ತ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಸ್ಸಿನಲ್ಲಿ ಬಂದು, ಸಂಜೆ ಹುಬ್ಬಳ್ಳಿ ಸೇರಿ, ಅಲ್ಲಿಂದ ಬೆಂಗಳೂರಿಗೋ ಮುಂಬೈಗೋ ಹೋಗುವುದಾದರೆ ಆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಕಾಂಪ್ಲಿಮೆಂಟ್ ಪ್ರೋಟೀನುಗಳೂ ಸೆಖೆಯನ್ನು ತಾಳುವಂಥವಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಅಥವಾ ವಾರ್ಫರಿನ್ ಆರಂಭಿಸಿದ ಮೇಲೆ ತೆಗೆದ ರಕ್ತದಲ್ಲಿ ತಪ್ಪು ಫಲಿತಾಂಶ ಬರಬಹುದಾದ್ದರಿಂದ ರೋಗಿ ಯಾವ ಔಷಧದ ಮೇಲಿದ್ದಾರೆ ಎಂಬುದನ್ನು ಅರ್ಜಿಯಲ್ಲಿ ಬರೆಯಲೇಬೇಕು. ಒಮ್ಮೆ ಪಾಸಿಟಿವ್ ಬಂದರೂ ಕನಿಷ್ಠ 12 ವಾರಗಳ ನಂತರ ಮತ್ತೊಮ್ಮೆ ಮಾಡಿ ಖಚಿತಪಡಿಸಿಕೊಳ್ಳಬೇಕೆಂಬ ನಿಯಮವಿದೆ. ಮೊದಲ ಪರೀಕ್ಷೆ ಒಂದು ಕಿಟ್‌ನಲ್ಲಿ, ಎರಡನೆಯದು ಇನ್ನೊಂದರಲ್ಲಿ ಆದರೆ ಆ ನಿಯಮದ ಉದ್ದೇಶವೇ ಈಡೇರುವುದಿಲ್ಲ.

ಇದೇ ಪ್ರತಿಕಾಯಗಳ ಇನ್ನೊಂದು ಪರಿಣಾಮವನ್ನು ಇಲ್ಲಿ ಹೇಳದಿರಲಾರೆ. ಗರ್ಭಿಣಿಯರಿಗೆಲ್ಲ ಮಾಡುವ ವಿಡಿಆರ್‌ಎಲ್ ಎಂಬ ಸಿಫಿಲಿಸ್ (ಲೈಂಗಿಕ ರೋಗ) ಪರೀಕ್ಷೆಯಲ್ಲಿ ಬಳಸುವುದು, ಈ ಪ್ರತಿಕಾಯಗಳು ಅಂಟುವ ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ಪದಾರ್ಥವನ್ನೇ. ಹಾಗಾಗಿ ಲೂಪಸ್ ಇರುವ ಹೆಣ್ಣುಮಗಳಿಗೆ ಸಿಫಿಲಿಸ್ ಇಲ್ಲದೆಯೂ ವಿಡಿಆರ್‌ಎಲ್ ಪಾಸಿಟಿವ್ ಬರಬಹುದು. ಟಿಪಿಎಚ್‌ಎಯಂತಹ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆ ಅದನ್ನು ಮನೆಯವರ ಮುಂದೆ ಹೇಳಿದರೆ ಒಂದು ಸಂಸಾರವೇ ಮುರಿಯಬಹುದು. ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ತಂತ್ರಜ್ಞ ಮಿತ್ರರು ಇದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಆಟೋಆಂಟಿಬಾಡಿ ಪರೀಕ್ಷೆಯ ಪ್ರತಿಯೊಂದು ವರದಿಯಲ್ಲಿಯೂ ವಿಧಾನದ ಹೆಸರು, ಕಿಟ್ ಅಥವಾ ಯಂತ್ರದ ಹೆಸರು, ಆ ಕಿಟ್‌ನ ಸಾಮಾನ್ಯ ಮಿತಿ ಮತ್ತು ಅನುಮಾನಾಸ್ಪದ ಮಿತಿ, ಫ್ಲೋರೆಸೆನ್ಸ್ ಆಗಿದ್ದರೆ ಸೀರಮ್ ಅನ್ನು ಮೊದಲು ತೆಳುಗೊಳಿಸಿದ ಪ್ರಮಾಣ, ಕೊನೆಯ ಟೈಟರ್ ಹಾಗೂ ಹೊಳಪಿನ ಮಾದರಿ, ಮತ್ತು ಪರೀಕ್ಷೆ ನಿಜವಾಗಿ ನಡೆದ ಪ್ರಯೋಗಾಲಯದ ಹೆಸರು ಇರಬೇಕು. ಕೊನೆಯದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಊರುಗಳ ಅನೇಕ ಕೇಂದ್ರಗಳು ರಕ್ತವನ್ನು ಸಂಗ್ರಹಿಸುವ ಕೇಂದ್ರಗಳು ಮಾತ್ರ. ರೋಗಿ ಒಂದೇ ಕೇಂದ್ರಕ್ಕೆ ನಿಷ್ಠೆಯಿಂದ ಹೋಗುತ್ತಿದ್ದರೂ ಆ ಕೇಂದ್ರವು ಈ ವರ್ಷ ಒಂದೆಡೆ, ಮುಂದಿನ ವರ್ಷ ಇನ್ನೊಂದೆಡೆ ಮಾದರಿ ಕಳುಹಿಸಿದರೆ ಆ ನಿಷ್ಠೆಯಿಂದ ಪ್ರಯೋಜನವಿಲ್ಲ. ಕಿಟ್ ಬದಲಾದಾಗಲೂ ವರದಿಯಲ್ಲಿ ಅದನ್ನು ತಿಳಿಸಿ, ಕೆಲವು ದಿನ ಹಳೆಯ ಹೊಸ ಎರಡೂ ಕಿಟ್‌ಗಳಲ್ಲಿ ಪರೀಕ್ಷಿಸಿ ಎರಡೂ ಸಂಖ್ಯೆಗಳನ್ನು ಕೊಡುವುದು ಒಳ್ಳೆಯ ಪದ್ಧತಿ.

ಇವು ಹೊಸ ಬೇಡಿಕೆಗಳೇನೂ ಅಲ್ಲ. ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆಗೆ ಆಧಾರವಾಗಿರುವ ಐಎಸ್‌ಒ 15189 ಮಾನದಂಡವೇ ಅಗತ್ಯವಿರುವೆಡೆ ವಿಧಾನವನ್ನು ವರದಿಯಲ್ಲಿ ಗುರುತಿಸಬೇಕೆಂದು ಹೇಳುತ್ತದೆ, ಪ್ರಯೋಗಾಲಯಗಳ ನಡುವೆ ಫಲಿತಾಂಶಗಳ ಹೋಲಿಕೆಯನ್ನೂ ಬಯಸುತ್ತದೆ. ಆ ಮಾನ್ಯತೆ ಕಡ್ಡಾಯವಲ್ಲದ ಕಾರಣ ಸಣ್ಣ ಪ್ರಯೋಗಾಲಯಗಳು ಅದರ ಹೊರಗೆ ಉಳಿಯುತ್ತವೆ. ಆದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ ಖಾಸಗಿ ಪ್ರಯೋಗಾಲಯಗಳೂ ನೋಂದಣಿಯಾಗಬೇಕು. ಧಾರವಾಡ, ಗದಗ ಮತ್ತು ಹಾವೇರಿಯ ಜಿಲ್ಲಾಧಿಕಾರಿಗಳೂ ಜಿಲ್ಲಾ ಆರೋಗ್ಯಾಧಿಕಾರಿಗಳೂ ಮನಸ್ಸು ಮಾಡಿದರೆ, ನೋಂದಣಿ ಮತ್ತು ನವೀಕರಣದ ಸಂದರ್ಭದಲ್ಲಿ ವರದಿಯ ನಮೂನೆಯ ಬಗ್ಗೆ ಒಂದು ಸೂಚನೆ ಕೊಡುವುದು ಕಷ್ಟವಲ್ಲ.

ಸರ್ಕಾರಿ ವೈದ್ಯಕೀಯ ಕಾಲೇಜುಗಳು ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸಂಸ್ಥೆ, ಗದಗಿನ ಜಿಮ್ಸ್ ಮತ್ತು ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಕೂಡಿ, ಒಪ್ಪಿಗೆ ಕೊಟ್ಟ ರೋಗಿಗಳ ಮತ್ತು ಆರೋಗ್ಯವಂತರ ಸೀರಮ್ ಅನ್ನು ಹೆಸರಿಲ್ಲದ ಸಣ್ಣ ಸಣ್ಣ ಭಾಗಗಳಾಗಿ ಹಂಚಿ, ಈ ಭಾಗದ ಪ್ರಯೋಗಾಲಯಗಳಿಗೆ ವರ್ಷಕ್ಕೆರಡು ಬಾರಿ ಕೊಟ್ಟು, ಬಂದ ಫಲಿತಾಂಶಗಳನ್ನು ಒಟ್ಟಿಗೆ ಕುಳಿತು ನೋಡಬೇಕು. ಯಾರು ಹೆಚ್ಚು ಯಾರು ಕಡಿಮೆ ಎಂದು ಅಂಕ ಕೊಡಲು ಇದನ್ನು ಮಾಡಬಾರದು. ನಮ್ಮ ಊರಿನ ಯಾವ ಕಿಟ್‌ನ 40 ಇನ್ನೊಂದರ ಎಷ್ಟಕ್ಕೆ ಸಮೀಪ, ಎಲ್ಲಿ ಎರಡು ವಿಧಾನಗಳು ಒಪ್ಪುತ್ತವೆ, ಎಲ್ಲಿ ಒಪ್ಪುವುದೇ ಇಲ್ಲ ಎಂಬುದು ಇಲ್ಲಿನ ವೈದ್ಯರಿಗೆ ಗೊತ್ತಾಗಬೇಕು. ಎಲೈಸಾದಲ್ಲಿ ಪಾಸಿಟಿವ್ ಬಂದ ಡಿಎಸ್‌ಡಿಎನ್‌ಎಯನ್ನು ಕ್ರಿಥಿಡಿಯಾ ವಿಧಾನದಿಂದ ಖಚಿತಪಡಿಸಿಕೊಳ್ಳುವ ಸೌಲಭ್ಯ ಈ ಮೂರು ಜಿಲ್ಲೆಗಳಿಗೆ ಸೇರಿ ಒಂದು ಸರ್ಕಾರಿ ಪ್ರಯೋಗಾಲಯದಲ್ಲಾದರೂ ಸದಾ ಸಿಗುವಂತಿರಬೇಕು.

ವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ. ಎಎನ್‌ಎ ಪಾಸಿಟಿವ್ ಇಲ್ಲದೆ, ಲಕ್ಷಣಗಳೂ ಇಲ್ಲದೆ, ಹಲವು ಪ್ರತಿಕಾಯಗಳನ್ನು ಒಟ್ಟಿಗೆ ಹುಡುಕುವ ದುಬಾರಿಯಾದ ಪ್ರೊಫೈಲ್ ಪರೀಕ್ಷೆಗಳನ್ನು ಸಾಮಾನ್ಯವಾಗಿ ಬರೆಯಬಾರದೆಂದು ಅಮೆರಿಕದ ರುಮಟಾಲಜಿ ತಜ್ಞರ ಸಂಘವೇ 2013ರಲ್ಲಿ ಹೇಳಿದೆ. ಕೂಲಿ ಮಾಡುವ ಕುಟುಂಬಕ್ಕೆ ಆ ಪಟ್ಟಿಯ ಬೆಲೆ ಹಲವು ದಿನಗಳ ಗಳಿಕೆ. ಅದೇ ವೇಳೆ, ಅಗ್ಗದಲ್ಲಿ ಎಲ್ಲಿ ಬೇಕಾದರೂ ಆಗುವ ಮೂತ್ರದ ಪ್ರೋಟೀನ್ ಪರೀಕ್ಷೆಯನ್ನು ಪ್ರತಿ ಭೇಟಿಯಲ್ಲಿಯೂ ಮಾಡಿಸಬೇಕು. ಪ್ರತಿಕಾಯಗಳ ಬಣ್ಣಬಣ್ಣದ ವರದಿಗಳು ನಾಲ್ಕಾರು ಇದ್ದು, ಮೂತ್ರದ ವರದಿ ಒಂದೂ ಇಲ್ಲದ ಕಡತಗಳನ್ನು ನಾನು ನೋಡಿದ್ದೇನೆ. ಆ ಹುಡುಗಿಯರಲ್ಲಿ ಯಾರ ಮೂತ್ರಪಿಂಡ ಸದ್ದಿಲ್ಲದೆ ಕೆಡುತ್ತಿತ್ತೋ ಎಂಬ ಯೋಚನೆ ನನ್ನನ್ನು ಇಂದಿಗೂ ಕಾಡುತ್ತದೆ.

ರೋಗಿಗಳೂ ಅವರ ಮನೆಯವರೂ ಮಾಡಬಹುದಾದದ್ದು ಇದೆ. ಡಿಎಸ್‌ಡಿಎನ್‌ಎ ಮತ್ತು ಕಾಂಪ್ಲಿಮೆಂಟ್ ಪರೀಕ್ಷೆಗಳನ್ನು ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಮಾಡಿಸಬೇಕು. ಮಾದರಿ ಎಲ್ಲಿಗೆ ಹೋಗುತ್ತದೆ, ಯಾವ ವಿಧಾನದಿಂದ ಪರೀಕ್ಷೆ ನಡೆಯುತ್ತದೆ ಎಂದು ಕೌಂಟರ್‌ನಲ್ಲಿ ಕೇಳಿ, ಉತ್ತರವನ್ನು ವರದಿಯ ಹಿಂಬದಿಯಲ್ಲಿ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಬೇಕು. ಕೇಳಲು ಸಂಕೋಚಪಡಬೇಕಾಗಿಲ್ಲ, ಅದು ಹಣ ಕೊಟ್ಟವರ ಹಕ್ಕು. ಹಳೆಯ ವರದಿಗಳನ್ನು, ಅದರಲ್ಲೂ ಕಾಯಿಲೆ ಪತ್ತೆಯಾದಾಗಿನ ಮೊದಲ ವರದಿಯನ್ನು, ಎಂದಿಗೂ ಕಳೆಯಬಾರದು. ಸಂಖ್ಯೆ ಇಳಿದಿದೆ ಎಂದು ತಾವಾಗಿಯೇ ಗುಳಿಗೆ ನಿಲ್ಲಿಸಬಾರದು, ಏರಿದೆ ಎಂದು ತಾವಾಗಿಯೇ ಹೆಚ್ಚಿಸಲೂಬಾರದು. ಪಾದ ಊದಿಕೊಂಡರೆ, ಮೂತ್ರದಲ್ಲಿ ನೊರೆ ಕಂಡರೆ, ಜ್ವರ ಬಿಡದೆ ಬಂದರೆ ಯಾವ ವರದಿಗೂ ಕಾಯದೆ ಅದೇ ದಿನ ವೈದ್ಯರನ್ನು ಕಾಣಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಧಾರವಾಡ